ಡ್ರಾಪ್ ಡಿ: ಬೇಸ್ ನುಡಿಸೋರು ಇಳಿಸಬೇಕಾ, ಐದು ತಂತಿಗೆ ಹೋಗಬೇಕಾ, ಇದ್ದ ಹಾಗೇ ಇರಬೇಕಾ?

ನಾಲ್ಕುತಂತಿ

ನಮಸ್ಕಾರ ಎಲ್ಲರಿಗೂ. ನಮ್ಮ ಬ್ಯಾಂಡ್‌ನ ಇಬ್ಬರು ಗಿಟಾರಿಸ್ಟ್‌ಗಳೂ ಡ್ರಾಪ್ ಡಿಗೆ, ಅಂದ್ರೆ ಕೆಳಗಿನ ಇ ತಂತಿಯೊಂದನ್ನೇ ಡಿಗೆ ಇಳಿಸೋ ಟ್ಯೂನಿಂಗ್‌ಗೆ, ಹೋಗಿಬಿಟ್ಟಿದ್ದಾರೆ. ಒಂದೇ ಒಂದು ಹಾಡಿಗೆ ಅಂತ ಶುರುವಾಗಿದ್ದು, ಈಗ ಸೆಟ್‌ನಲ್ಲಿ ಅರ್ಧ ಅದೇ. ನನ್ನದು ಮಾಮೂಲಿ 34 ಇಂಚು ಸ್ಕೇಲ್‌ನ (ಮಿಡಿಯೋ ತಂತಿಯ ಉದ್ದ) ನಾಲ್ಕು ತಂತಿ ಬೇಸ್ ಗಿಟಾರ್, ಮೇಲಿರೋದು 45-105 ನಿಕಲ್ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ).

ಇ ತಂತಿಯನ್ನ ಡಿಗೆ ಇಳಿಸಿ ನೋಡಿದೆ. ಓಪನ್ ಡಿ ಹೊಡೆದಾಗ ಎದೆಗೇ ಬಡಿಯತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಲ್ಪ ಜೋರಾಗಿ ಮೀಟಿದರೆ ಸ್ವರ ಮೊದಲು ಮೇಲಕ್ಕೆ ಹಾರಿ ಆಮೇಲೆ ಬಂದು ಕೂರತ್ತೆ, ಟ್ಯೂನರ್ ಯಾವುದನ್ನ ನಂಬಬೇಕು ಅಂತ ಅದಕ್ಕೇ ಗೊತ್ತಾಗಲ್ಲ. ಮೊದಲ ನಾಲ್ಕೈದು ಫ್ರೆಟ್‌ನಲ್ಲಿ ಬಜ್. ಇದರ ಮೇಲೆ, ಕೆಳಗಿನ ತಂತಿಯಲ್ಲಿ ಬೆರಳಿಗೆ ರೂಢಿಯಾಗಿದ್ದ ಜಾಗ ಎಲ್ಲಾ ಎರಡು ಫ್ರೆಟ್ ಆಚೆ ಹೋಗಿದೆ. ಜಿ ಅಂತ 3ನೇ ಫ್ರೆಟ್ ಒತ್ತಿದರೆ ಎಫ್ ಬರತ್ತೆ, ಡ್ರಮ್ಮರ್ ತಿರುಗಿ ನೋಡ್ತಾನೆ.

ಈಗ ನನ್ನ ಮುಂದಿರೋದು: ಹೀಗೇ ಇಳಿಸಿ ರೂಢಿ ಮಾಡ್ಕೊಳ್ಳೋದು, ಐದು ತಂತಿ ಬೇಸ್ ತಗೊಳ್ಳೋದು, ಇಲ್ಲ ಸ್ಟಾಂಡರ್ಡ್‌ನಲ್ಲೇ ಇದ್ದು ಡಿ ಬಂದಾಗ ಎ ತಂತಿಯ 5ನೇ ಫ್ರೆಟ್ ಹಿಡಿಯೋದು. ನೀವೆಲ್ಲ ಏನ್ ಮಾಡ್ತೀರ? ಯಾಕೆ ಅಂತಾನೂ ಹೇಳಿ.

ಗುಡುಗು_ಗುಂಡ

ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಗುರು? ಕಿವಿ (ತಂತಿ ಬಿಗಿ ಮಾಡೋ ಗೂಟ) ತಿರುಗಿಸು, ಡಿಗೆ ಇಳಿಸು, ನುಡಿಸು. ಟೂಲ್ ಬ್ಯಾಂಡ್‌ನ ಜಸ್ಟಿನ್ ಚಾನ್ಸಲರ್ ಬಹುಪಾಲು ಡ್ರಾಪ್ ಡಿಯಲ್ಲೇ ನುಡಿಸೋದು. ಆತನಿಗೆ ನಡೆದಿದ್ದು ನಿನಗೂ ನಡೆಯತ್ತೆ. ಎರಡು ಫ್ರೆಟ್ ಆಚೆ ಹೋಗಿರೋದು ಒಂದು ವಾರದ ತಲೆನೋವು, ಅಷ್ಟೇ.

ಐದರವನು

ಗುಂಡ ಅವರ ಮಾತು ಒಪ್ಪಲ್ಲ. ಚಾನ್ಸಲರ್ ನುಡಿಸೋ ರಿಫ್‌ಗಳು (ಮತ್ತೆ ಮತ್ತೆ ಬರೋ ಸಣ್ಣ ಸಾಲುಗಳು) ಹುಟ್ಟಿದ್ದೇ ಆ ಟ್ಯೂನಿಂಗ್‌ನಲ್ಲಿ. ನಾಲ್ಕುತಂತಿ ಅವರ ಕಥೆ ಬೇರೆ, ಅರ್ಧ ಸೆಟ್ ಸ್ಟಾಂಡರ್ಡ್, ಅರ್ಧ ಡ್ರಾಪ್. ಹಾಡಿನ ನಡುವೆ ಕಿವಿ ತಿರುಗಿಸ್ತಾ ನಿಂತರೆ ಹಾಡುಗಾರ ಜನರ ಹತ್ತಿರ ಏನೇನೋ ಮಾತಾಡಿ ಸಮಯ ತುಂಬಬೇಕು.

ಐದು ತಂತಿ ತಗೊಂಡರೆ ಬಿ ತಂತಿಯ 3ನೇ ಫ್ರೆಟ್‌ನಲ್ಲಿ ಅದೇ ಡಿ ಸಿಗತ್ತೆ. ಕೆಳಗಡೆ ಸಿ ಶಾರ್ಪ್, ಸಿ, ಬಿ ಕೂಡ ಇವೆ. ನಾಳೆ ಗಿಟಾರ್‌ನವರು ಡ್ರಾಪ್ ಸಿ ಅಂದ್ರೂ ನೀವು ಅಲ್ಲಾಡಬೇಕಿಲ್ಲ. ಬೆರಳಿನ ನಕ್ಷೆ ಬದಲಾಗಲ್ಲ, ಎಲ್ಲಾ ತಂತಿಗಳ ನಡುವೆ ಫೋರ್ತ್ (ಐದು ಫ್ರೆಟ್ ಅಂತರ) ಹಾಗೇ ಉಳಿಯತ್ತೆ. ನನ್ನ ಪ್ರಕಾರ ಇದೇ ದೊಡ್ಡ ಲಾಭ. ಕತ್ತಿನ ಅಗಲಕ್ಕೆ ಕೈ ಒಗ್ಗಬೇಕು, ನುಡಿಸದೇ ಇದ್ದಾಗ ಬಿ ತಂತಿ ತಾನಾಗೇ ಗುಂಯ್ ಅನ್ನದ ಹಾಗೆ ಹೆಬ್ಬೆರಳು ಅದರ ಮೇಲೆ ಕೂರಬೇಕು. ಅದು ಬಿಟ್ಟರೆ ತಕರಾರು ಇಲ್ಲ.

ಹಳೇ_ಮರ

ಟ್ಯೂನಿಂಗ್ ಸರಿಯೋ ತಪ್ಪೋ ಅನ್ನೋ ಜಗಳಕ್ಕೆ ಮೊದಲು ಸೆಟಪ್ ಮಾತಾಡೋಣ. ನಾಲ್ಕುತಂತಿ ಹೇಳಿದ ತೊಂದರೆಗಳಲ್ಲಿ ಬೆರಳಿನದು ಬಿಟ್ಟು ಉಳಿದದ್ದೆಲ್ಲ ತಂತಿಯ ಬಿಗಿಗೆ ಸೇರಿದ್ದು.

ತಂತಿಯ ಬಿಗಿ ಕಂಪನದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, ಇಳಿಯತ್ತೆ. ಇ ಅಂದ್ರೆ 41.2 ಹರ್ಟ್ಸ್, ಡಿ ಅಂದ್ರೆ 36.7. ಕಂಪನ ಇಳಿದಿದ್ದು ಶೇ. 11, ಆದರೆ ಅದೇ ತಂತಿಯ ಬಿಗಿ ಸುಮಾರು ಶೇ. 20 ಬಿದ್ದುಹೋಗತ್ತೆ. ಐದರಲ್ಲಿ ಒಂದು ಪಾಲು ಹೋಯ್ತು. ಸಡಿಲ ತಂತಿ ಅಗಲವಾಗಿ ಬೀಸತ್ತೆ, ಫ್ರೆಟ್‌ಗೆ ತಗಲತ್ತೆ, ಅದು ನಿಮ್ಮ ಬಜ್. ಅಗಲವಾಗಿ ಬೀಸುವಾಗ ತಂತಿ ಆ ಕ್ಷಣಕ್ಕೆ ಎಳೆದುಕೊಳ್ಳತ್ತೆ, ಅದಕ್ಕೇ ಮೀಟಿದ ಕೂಡಲೇ ಸ್ವರ ಮೇಲಕ್ಕೆ ಹಾರೋದು. ಒತ್ತಿದ ಸ್ವರಗಳೂ ಸ್ವಲ್ಪ ಶಾರ್ಪ್ ಆಗ್ತವೆ. ಮೂಲ ಒಂದೇ.

ಪರಿಹಾರ ದಪ್ಪ ತಂತಿ. ತಂತಿಯ ತೂಕ ಸರಿಸುಮಾರು ಅದರ ದಪ್ಪದ ವರ್ಗಕ್ಕೆ ತಕ್ಕ ಹಾಗೆ ಹೋಗತ್ತೆ. 105 ತಂತಿಯ ಇ ಬಿಗಿಯೇ ಡಿಯಲ್ಲೂ ಬೇಕು ಅಂದ್ರೆ ಲೆಕ್ಕದಲ್ಲಿ 118 ಹತ್ತಿರ ಬೇಕು. ಅಂಗಡಿಯಲ್ಲಿ ಬಿಡಿಯಾಗಿ ಸಿಗೋದು 110, 115, 120. ನೀವು ಅರ್ಧ ಸೆಟ್ ಇ, ಅರ್ಧ ಡಿ ಅಂತೀರಾದ್ರೆ 110 ಹಾಕಿ, ಇಯಲ್ಲಿ ತೀರಾ ಗಟ್ಟಿ ಅನ್ನಿಸಲ್ಲ. ಹೆಚ್ಚಿನ ಹೊತ್ತು ಡಿಯಲ್ಲೇ ಇರ್ತೀರಾದ್ರೆ 115. ಉಳಿದ ಮೂರು ತಂತಿ ಮುಟ್ಟಬೇಡಿ.

ಇನ್ನೊಂದು ವಿಷಯ, ಐದರವನು ಸರ್ ಬೇಜಾರು ಮಾಡ್ಕೋಬಾರದು. 34 ಇಂಚು ಬೇಸ್ ಮೇಲೆ 130ರ ಬಿ ತಂತಿ ಹಾಕಿದರೆ ಅದರ ಬಿಗಿಯೂ 105ರ ಇಗಿಂತ ಶೇ. 14ರಷ್ಟು ಕಡಿಮೆಯೇ. ‘ಡ್ರಾಪ್ ಡಿ ಸಡಿಲ, ಬಿ ತಂತಿ ಗಟ್ಟಿ’ ಅನ್ನೋದು ಅರ್ಧ ನಿಜ. ಬಿ ಬಿಗಿ ಅನ್ನಿಸೋದು ತಂತಿ ದಪ್ಪ ಇರೋದ್ರಿಂದ. 115 ಹಾಕಿ ಇಳಿಸಿದ ಡಿ ಅದಕ್ಕಿಂತ ಬಿಗಿ ಇರತ್ತೆ.

ನಾಲ್ಕುತಂತಿ

ಹಳೇ_ಮರ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ನಾನು ಬೇಸೇ ಸರಿ ಇಲ್ಲ ಅಂದ್ಕೊಂಡಿದ್ದೆ. ಇಳಿಸಿದಾಗ ಬೇರೆ ಮೂರು ತಂತಿಗಳೂ ಚೂರು ಶಾರ್ಪ್ ಆಗ್ತವೆ, ಅದೂ ಇದಕ್ಕೇ ಸೇರಿದ್ದಾ?

ಹಳೇ_ಮರ

ಹೌದು. ಒಂದು ತಂತಿ ಸಡಿಲ ಮಾಡಿದಾಗ ಕತ್ತಿನ ಮೇಲಿನ ಎಳೆತ ಕಡಿಮೆಯಾಗಿ ಕತ್ತು ಚೂರು ಹಿಂದಕ್ಕೆ ಹೋಗತ್ತೆ, ಉಳಿದವು ಎಳೆದುಕೊಳ್ತವೆ. ಇಳಿಸಿದ ಮೇಲೆ ನಾಲ್ಕೂ ನೋಡ್ಕೊಳ್ಳಿ. ಟ್ಯೂನರ್ ಬಗ್ಗೆ: ಮೆಲ್ಲಗೆ ಮೀಟಿ ಟ್ಯೂನ್ ಮಾಡಿ ಜೋರಾಗಿ ನುಡಿಸಬೇಡಿ. ವೇದಿಕೆ ಮೇಲೆ ಹೊಡೆಯೋವಷ್ಟೇ ಬಲದಲ್ಲಿ ಹೊಡೆದು ಟ್ಯೂನ್ ಮಾಡಿ. ಸೂಜಿ ಕುಣಿದರೆ 12ನೇ ಫ್ರೆಟ್ ಹಾರ್ಮೋನಿಕ್ ನೋಡಿ, ಅಲ್ಲಿ ಟ್ಯೂನರ್‌ಗೂ ಸುಲಭ. ಇಳಿಸುವಾಗ ಡಿಗಿಂತ ಕೆಳಗೆ ಹೋಗಿ ಮೇಲೇರಿಸಿ ನಿಲ್ಲಿಸಿ, ಇಲ್ಲದಿದ್ದರೆ ಹಾಡಿನ ನಡುವೆ ಇನ್ನೂ ಜಾರತ್ತೆ.

ಮಿಕ್ಸರ್_ಮುಂದೆ

ನಾನು ನುಡಿಸೋದಕ್ಕಿಂತ ಬೇರೆಯವರದ್ದನ್ನ ಮಿಕ್ಸ್ ಮಾಡೋದೇ ಜಾಸ್ತಿ, ಆ ಕಡೆಯಿಂದ ಹೇಳ್ತೀನಿ.

ಎ ತಂತಿಯ 5ನೇ ಫ್ರೆಟ್ ಹಿಡೀತೀನಿ ಅಂದ್ರಲ್ಲ, ಆ ಡಿ 73.4 ಹರ್ಟ್ಸ್. ಗಿಟಾರ್‌ನವರು ಇಳಿಸಿದ ತಂತಿಯ ಓಪನ್ ಡಿ ಎಷ್ಟು? ಅದೂ 73.4. ಅಂದ್ರೆ ಅತೀ ಭಾರವಾಗಿ ಕೇಳಬೇಕಾದ ಕಡೆ ನೀವು, ಆ ಇಬ್ಬರು, ಮೂವರೂ ಒಂದೇ ಸ್ವರದಲ್ಲಿ. ಕೆಳಗೆ ನೆಲವೇ ಇಲ್ಲ. ಹಾಡಿನ ಉಳಿದ ಭಾಗದಲ್ಲಿ ಬೇಸ್ ಗಿಟಾರ್‌ಗಿಂತ ಒಂದು ಆಕ್ಟೇವ್ ಕೆಳಗಿದ್ದು, ರಿಫ್ ಬಂದ ಕೂಡಲೇ ಮೇಲಕ್ಕೆ ಹಾರಿದರೆ ಹಾಡು ದಪ್ಪ ಆಗೋ ಬದಲು ತೆಳ್ಳಗಾಗತ್ತೆ. ಇದು ಕೇಳುಗರಿಗೆ ಹೆಸರಿಟ್ಟು ಹೇಳೋಕೆ ಬರಲ್ಲ, ಆದರೆ ಗೊತ್ತಾಗತ್ತೆ.

ಹಾಗಂತ 36.7 ಹರ್ಟ್ಸ್ ನಿಮ್ಮ ಕ್ಯಾಬ್‌ನಿಂದ (ಸ್ಪೀಕರ್ ಪೆಟ್ಟಿಗೆ) ಪೂರ್ತಿ ಬರತ್ತೆ ಅಂತ ಭ್ರಮೆ ಬೇಡ. ಬೇಸ್ ಕ್ಯಾಬ್‌ಗಳು ಹೆಚ್ಚಿನವು 40-50 ಹರ್ಟ್ಸ್ ಕೆಳಗೆ ಕೈಬಿಡ್ತವೆ. ಕೇಳಿಸೋದು ಮುಖ್ಯವಾಗಿ 73, 110ರ ಹಾರ್ಮೋನಿಕ್‌ಗಳು, ಅವನ್ನ ಕೇಳಿ ಕೆಳಗಿನ ಡಿಯನ್ನ ಮೆದುಳೇ ಜೋಡಿಸಿಕೊಳ್ಳತ್ತೆ. ಅದಕ್ಕೇ ಡ್ರಾಪ್ ಮಾಡಿದಾಗ ಆಂಪ್‌ನಲ್ಲಿ ಬೇಸ್ ನಾಬ್ ಏರಿಸಬೇಡಿ, ಪುಣ್ಯ ಕಟ್ಕೊಳ್ಳಿ. ಏರಿಸಿದರೆ ಸ್ಪೀಕರ್ ಒದ್ದಾಡತ್ತೆ, ಕಿಕ್ ಡ್ರಮ್‌ನ ಗುದ್ದು ಮುಚ್ಚಿಹೋಗತ್ತೆ, ಸ್ವರ ಮಾತ್ರ ಸ್ಪಷ್ಟ ಆಗಲ್ಲ. 30 ಹರ್ಟ್ಸ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನದನ್ನ ಕತ್ತರಿಸೋ ಫಿಲ್ಟರ್) ಹಾಕಿ, ಮಿಡ್ ಸ್ವಲ್ಪ ಕೊಡಿ, ಬೇಕಿದ್ದರೆ ಚೂರು ಡ್ರೈವ್ (ಸದ್ದನ್ನ ಒರಟಾಗಿಸೋದು). ಡ್ರೈವ್ ಹಾಕಿದಾಗ ಮೇಲಿನ ಹಾರ್ಮೋನಿಕ್ ಹೆಚ್ಚಾಗಿ, ಸಣ್ಣ ಸ್ಪೀಕರ್‌ನಲ್ಲೂ ಡಿ ಡಿಯಾಗೇ ಕೇಳತ್ತೆ.

ಬಿಲ್ಲು_ಬೇಸ್

ಈ ಚರ್ಚೆ ರಾಕ್‌ನವರದ್ದು ಮಾತ್ರ ಅಂದ್ಕೋಬೇಡಿ. ಆರ್ಕೆಸ್ಟ್ರಾದಲ್ಲಿ ಡಬಲ್ ಬೇಸ್ ನುಡಿಸೋರು ಇದನ್ನ ಬಹಳ ಹಿಂದಿನಿಂದ ನೋಡ್ತಿದ್ದಾರೆ. ಚೆಲ್ಲೊದ ಕೆಳಗಿನ ತಂತಿ ಸಿ. ಡಬಲ್ ಬೇಸ್ ಅದೇ ಸಾಲನ್ನ ಒಂದು ಆಕ್ಟೇವ್ ಕೆಳಗೆ ನುಡಿಸಬೇಕು, ಆದರೆ ಅದರ ಕೆಳಗಿನ ತಂತಿ ಇ. ಸಾಲು ಇಗಿಂತ ಕೆಳಗಿಳಿದಾಗ ಒಂದೋ ಮೇಲಿನ ಆಕ್ಟೇವ್‌ಗೆ ಹಾರಬೇಕು, ಮಿಕ್ಸರ್_ಮುಂದೆ ಹೇಳಿದ ನೆಲ ಇಲ್ಲದ ಸ್ಥಿತಿ ಅದೇ. ಇಲ್ಲ ಇ ತಂತಿಯನ್ನೇ ತಲೆಯ ಆಚೆಗೆ ಉದ್ದ ಮಾಡಿ ಸಿವರೆಗೆ ಒಯ್ಯೋ ಸಿ ಎಕ್ಸ್‌ಟೆನ್ಷನ್ ಹಾಕಿಸಬೇಕು. ಇಲ್ಲ ಐದು ತಂತಿಯ ವಾದ್ಯ ಹಿಡೀಬೇಕು. ತಾತ್ಕಾಲಿಕವಾಗಿ ಇ ತಂತಿಯನ್ನ ಡಿಗೆ ಇಳಿಸಿ ನುಡಿಸೋದೂ ಇದೆ.

ಎಕ್ಸ್‌ಟೆನ್ಷನ್‌ನ ಒಳ್ಳೇದು ಏನಂದ್ರೆ, ತಂತಿಯ ಬಿಗಿ ಬದಲಾಗಲ್ಲ, ಉದ್ದ ಬದಲಾಗತ್ತೆ. ಇ ಜಾಗದಲ್ಲಿ ಗೇಟ್ (ತಂತಿಯನ್ನ ಒತ್ತಿ ಹಿಡಿಯೋ ಕೊಂಡಿ) ಮುಚ್ಚಿದರೆ ಕೈಗೆ ಹಳೇ ನಕ್ಷೆಯೇ. ಬೇಸ್ ಗಿಟಾರ್‌ನವರಿಗೆ ಈ ಭಾಗ್ಯ ಇಲ್ಲ. ಇದಕ್ಕೆ ತೀರಾ ಹತ್ತಿರ ಬರೋದು ಫ್ರೆಟ್‌ಗಳು ಬೀಸಣಿಗೆ ಥರ ಓರೆಯಾಗಿದ್ದು ಒಂದೊಂದು ತಂತಿಗೂ ಬೇರೆ ಉದ್ದ ಇರೋ ಮಲ್ಟಿಸ್ಕೇಲ್ ಬೇಸ್. ಡಿಂಗ್‌ವಾಲ್ ಕಂಪನಿಯ ಹಲವು ಬೇಸ್‌ಗಳು ದಪ್ಪ ತಂತಿಗೆ 37 ಇಂಚು, ಸಣ್ಣ ತಂತಿಗೆ 34 ಇಂಚು ಇರ್ತವೆ. ಅದೇ ಗೇಜ್, ಅದೇ ಸ್ವರ ಇಟ್ಟುಕೊಂಡು 34ರಿಂದ 37ಕ್ಕೆ ಹೋದರೆ ಬಿಗಿ ಶೇ. 18 ಏರತ್ತೆ. ಡ್ರಾಪ್‌ನಲ್ಲಿ ಕಳ್ಕೊಂಡಿದ್ದು ಹೆಚ್ಚುಕಡಿಮೆ ವಾಪಸ್.

ಹೆಬ್ಬೆರಳ್ರೀ

ಎಲ್ಲಾರೂ ಸಡಿಲ, ಬಿಗಿ, ಹರ್ಟ್ಸ್ ಅಂತೀರಿ, ಬೆರಳಿಗೆ ಏನ್ ಲಾಭ ಅನ್ನೋದು ಯಾರೂ ಹೇಳಾಂಗಿಲ್ಲಲ್ರೀ.

ಡ್ರಾಪ್ ಡಿಯೊಳಗ ಕೆಳಗಿನ ಮೂರು ತಂತಿ ಡಿ, ಎ, ಡಿ. ಯಾವ ಫ್ರೆಟ್ ಮ್ಯಾಲೆ ತೋರುಬೆರಳು ಅಡ್ಡ ಮಲಗಿಸಿದ್ರೂ ರೂಟ್, ಫಿಫ್ತ್, ಆಕ್ಟೇವ್ ಮೂರೂ ಒಂದ ಸಾಲಿನಾಗ ಸಿಗ್ತಾವು. ಸ್ಟಾಂಡರ್ಡ್‌ನಾಗ ಆಕ್ಟೇವ್ ಹಿಡಿಲಿಕ್ಕೆ ಎರಡು ಫ್ರೆಟ್ ಮುಂದ ಕೈ ಚಾಚಬೇಕು. ಇಲ್ಲಿ ಬೆರಳು ಮಲಗಿಸಿ ಎ ತಂತಿ ಬಿಟ್ಟು ಜಿಗಿದ್ರ ಆತು. ಗಿಟಾರ್‌ನವ್ರು ಒಂದ ಬೆರಳಿನಾಗ ಪವರ್ ಕಾರ್ಡ್ ಜಾರಿಸಿಕೋತ ಹೋಗ್ತಾರಲ್ಲ, ಆ ಓಟಕ್ಕ ಜೋಡಿ ಹಿಡಿಲಿಕ್ಕೆ ಇದರಷ್ಟು ಆರಾಮ ಬ್ಯಾರೆ ಇಲ್ಲ. ಐದು ತಂತಿಯೊಳಗ ಈ ಆಕಾರ ಬರಾಂಗಿಲ್ಲ, ನೆನಪಿಡ್ರಿ.

ಇನ್ನೊಂದು. ಓಪನ್ ಡಿ ಬಿಟ್ಟು ಹಂಗ ಮೊಳಗಿಸಿ, ಮ್ಯಾಲಿನ ಡಿ, ಜಿ ತಂತಿಯೊಳಗ 7, 9, 10, 12ನೇ ಫ್ರೆಟ್ ಸುತ್ತ ಒಂದು ಸಾಲು ನುಡಿಸಿ ನೋಡ್ರಿ. ತಂಬೂರಿ ಶ್ರುತಿ ಹಿಡಿದಂಗ ಕೆಳಗ ಡಿ ನಿಂತಿರ್ತೈತಿ, ಎರಡೂ ಕೈ ಖಾಲಿ. ಬಿ ತಂತಿಯ 3ನೇ ಫ್ರೆಟ್ ಒತ್ತಿ ಹಿಡಿದವರಿಗೆ ಇದು ಆಗೂದಿಲ್ಲ, ಅವ್ರ ಕೈ ಅಲ್ಲೇ ಸಿಕ್ಕಿಬಿದ್ದಿರ್ತೈತಿ.

ಡಿ, ಎ ಎರಡೂ ಓಪನ್ ಕೂಡಿಸಿ ಹೊಡಿಲಿಕ್ಕೆ ಮಾತ್ರ ಹೋಗಬ್ಯಾಡ್ರಿ, ಅಷ್ಟು ಕೆಳಗ ಅದು ಬರೀ ರಾಡಿ. 7ನೇ ಫ್ರೆಟ್ ದಾಟಿದ ಮ್ಯಾಲೆ ಫಿಫ್ತ್ ಚಲೋ ಕೇಳ್ತಾವು.

ಐದರವನು

ಹೆಬ್ಬೆರಳು ಅವರೇ, ಓಪನ್ ಡಿ ಮಾತು ಒಪ್ಪಿದೆ. ಅದು ನನ್ನ ಬೇಸ್‌ನಲ್ಲಿ ಬರಲ್ಲ, ಬಂದ್ರೂ ಬಿ ಶ್ರುತಿ ಬರತ್ತೆ. ಆದರೆ ಒಂದು ಮೇಜರ್ ಸ್ಕೇಲ್ ಅದೇ ಡ್ರಾಪ್ ಮಾಡಿದ ತಂತಿಯಿಂದ ಎ ತಂತಿಗೆ ದಾಟಿಸಿ ನುಡಿಸಿ ನೋಡಿ, ಕೈ ಎಷ್ಟು ಚಾಚಬೇಕು ಅಂತ. ವಾಕಿಂಗ್ ಲೈನ್ (ಬೀಟಿಗೊಂದು ಸ್ವರದಂತೆ ಹೆಜ್ಜೆ ಹಾಕೋ ಸಾಲು) ನುಡಿಸೋರಿಗೆ, ನೊಟೇಷನ್ ನೋಡ್ಕೊಂಡು ಸಾಗೋರಿಗೆ ಇದು ಶಿಕ್ಷೆ. ರಿಫ್‌ಗೆ ಸರಿ, ಸಾಲಿಗೆ ಅಲ್ಲ.

ಹೆಬ್ಬೆರಳ್ರೀ

ಅದು ಖರೆ ಐತಿ. ವಾಕಿಂಗ್ ಲೈನ್ ಇದ್ದಲ್ಲಿ ನಾನೂ ಇಳಸೂದಿಲ್ರಿ.

ಸದ್ದಿಲ್ಲದವಳು

ಒಂದು ಬೇರೆ ಪ್ರಶ್ನೆ. ಗಿಟಾರ್‌ನವರು ಇಳಿಸಿದ್ರು ಅಂತ ನಾವು ಯಾಕೆ ಇಳಿಸಬೇಕು?

ನಮ್ಮ ಬ್ಯಾಂಡ್‌ನಲ್ಲೂ ಡ್ರಾಪ್ ಡಿ ಹಾಡುಗಳಿವೆ, ನಾನು ಸ್ಟಾಂಡರ್ಡ್ ಬಿಟ್ಟು ಅಲ್ಲಾಡಿಲ್ಲ. ಮೊದಲು ಹಾಡನ್ನ ಕೂತು ಕೇಳಿ, ಕೆಳಗಿನ ಡಿ ಎಲ್ಲೆಲ್ಲಿ ಬರತ್ತೆ ಅಂತ ಗುರುತು ಹಾಕಿ. ಎಷ್ಟೋ ಹಾಡುಗಳಲ್ಲಿ ಗಿಟಾರಿಸ್ಟ್ ಡ್ರಾಪ್ ಮಾಡಿರೋದು ಕೆಳಗಿನ ಸ್ವರಕ್ಕಲ್ಲ, ಒಂದೇ ಬೆರಳಿನ ಸುಖಕ್ಕೆ. ರಿಫ್ ಇ, ಎಫ್, ಜಿ ಸುತ್ತಾನೇ ತಿರುಗ್ತಿರತ್ತೆ, ಓಪನ್ ಡಿ ಮುಟ್ಟೋದೇ ಇಲ್ಲ. ಅಂಥ ಹಾಡಿಗೆ ಬೇಸ್ ಇಳಿಸಿ ಸಡಿಲ ತಂತಿ, ಹೊಸ ನಕ್ಷೆ ಎಲ್ಲಾ ಹೊತ್ಕೊಳ್ಳೋದರಲ್ಲಿ ಅರ್ಥ ಇಲ್ಲ.

ಕೆಳಗಿನ ಡಿ ನಿಜವಾಗಿ ಬರೋ ಕಡೆಯಲ್ಲೂ ಯಾವಾಗಲೂ ಗಿಟಾರ್‌ನ ನೆರಳಾಗಬೇಕು ಅಂತ ನಿಯಮ ಇಲ್ಲ. ಅವರು ಡಿ ಹಿಡಿದು ಒಂದೇ ಸಮ ಹೊಡೀತಿದ್ರೆ ನಾನು ಕೆಳಗಿನ ಎಫ್ ಅಥವಾ ಜಿ ಹಿಡೀತೀನಿ. ಅದೇ ರಿಫ್‌ಗೆ ಬೇರೆ ಬಣ್ಣ ಬರತ್ತೆ, ಆಮೇಲೆ ಎರಡನೇ ಸುತ್ತಿನಲ್ಲಿ ಡಿಗೆ ಬಂದಾಗ ಅದಕ್ಕೆ ತೂಕ ಇರತ್ತೆ. ಮಿಕ್ಸರ್_ಮುಂದೆ ಹೇಳಿದ ‘ನೆಲ ಇಲ್ಲ’ ಸಮಸ್ಯೆ ಬರೋದು ಮೂವರೂ ಅದೇ ಸಾಲು ನುಡಿಸ್ತಾ ಇದ್ದಾಗ.

ಗಿಟಾರ್ ಜೊತೆ ಯೂನಿಸನ್ ಹೊಡೆಯೋದೇ ಹಾಡಿನ ಜೀವ ಅಂತಿದ್ರೆ, ಆಗ ಸರಿ, ಇಳಿಸಿ. ಅದು ಹಾಡು ಕೇಳಿದ್ದಕ್ಕೆ ಇಳಿಸೋದು, ಅವರು ಇಳಿಸಿದ್ರು ಅಂತ ಅಲ್ಲ.

ಮಿಕ್ಸರ್_ಮುಂದೆ

ಇದನ್ನ ಪ್ರಿಂಟ್ ತೆಗೆದು ರಿಹರ್ಸಲ್ ರೂಮಲ್ಲಿ ಅಂಟಿಸಬೇಕು. ಪೂರ್ತಿ ಒಪ್ಪಿದೆ. ಒಂದು ಕಂಡೀಷನ್ ಮಾತ್ರ: ಡಿ ಮೇಲೆ ಎಫ್ ಹಿಡಿಯೋ ಮೊದಲು ಹಾಡು ಮೈನರೋ ಮೇಜರೋ ನೋಡ್ಕೊಳ್ಳಿ!

ಗುಡುಗು_ಗುಂಡ

ಮೇಡಂ, ಥಿಯರಿ ಸರಿ. ಆದ್ರೆ ಬ್ರೇಕ್‌ಡೌನ್ (ಹಾಡಿನ ನಿಧಾನದ, ಭಾರದ ಭಾಗ) ಬಂದಾಗ ಎಲ್ಲರೂ ಓಪನ್ ತಂತಿ ಮೇಲೆ ಬಿದ್ದಿರ್ತಾರೆ, ಅಲ್ಲಿ ನಾನೊಬ್ಬ ಎಫ್ ಹಿಡ್ಕೊಂಡು ನಿಂತ್ರೆ ಬ್ಯಾಂಡ್‌ನಿಂದ ಆಚೆ ಹಾಕ್ತಾರೆ 😂

ಸದ್ದಿಲ್ಲದವಳು

ಅಲ್ಲಿ ನೀವು ಇಳಿಸಲೇಬೇಕು ಬಿಡಿ, ನಿಮ್ಮ ಸಂಗೀತ ಹುಟ್ಟಿದ್ದೇ ಅಲ್ಲಿ. ಪ್ರಶ್ನೆ ಕೇಳಿದವರದ್ದು ಅರ್ಧ-ಅರ್ಧ ಸೆಟ್ ಅಲ್ವಾ.

ಪೆಡಲ್_ಪ್ರಿಯ

ಪಿಚ್ ಶಿಫ್ಟ್ ಪೆಡಲ್ ಹಾಕಿದ್ರೆ ಆಗಲ್ವಾ? ಕಾಲಲ್ಲಿ ಒತ್ತಿದ್ರೆ ಇಡೀ ಬೇಸ್ ಎರಡು ಸೆಮಿಟೋನ್ ಕೆಳಗೆ. ತಂತಿ ಸಡಿಲ ಆಗಲ್ಲ, ನಕ್ಷೆ ಬದಲಾಗಲ್ಲ.

ಮಿಕ್ಸರ್_ಮುಂದೆ

ಆಗತ್ತೆ, ಆದರೆ ಅದು ಡ್ರಾಪ್ ಅಲ್ಲ, ನಾಲ್ಕೂ ತಂತಿ ಕೆಳಗೆ ಹೋಗ್ತವೆ. ಇದ್ದ ನಕ್ಷೆಯಲ್ಲೇ ನುಡಿಸಬಹುದು ನಿಜ, ಪ್ರತಿ ಸ್ವರ ಎರಡು ಫ್ರೆಟ್ ಮೇಲೆ ಯೋಚಿಸಬೇಕು. ತೊಂದರೆ ಕೆಳಗಿನ ಸ್ವರಗಳಲ್ಲಿ. ಡಿಯ ಒಂದು ಕಂಪನ ಮುಗಿಯೋಕೇ 27 ಮಿಲಿಸೆಕೆಂಡ್ ಬೇಕು. ಪೆಡಲ್ ಅಷ್ಟು ಉದ್ದದ ಅಲೆಯನ್ನ ಅಳೆದು ಬದಲಾಯಿಸೋಷ್ಟರಲ್ಲಿ ಹೊಡೆತದ ಮೊನೆ ಮೊಂಡಾಗಿರತ್ತೆ, ಡ್ರಮ್ ಜೊತೆ ಕೂರಬೇಕಾದ ಕಡೆ ಚೂರು ಹಿಂದೆ ಬೀಳತ್ತೆ. ಒಂದು ಹಾಡಿಗೆ, ಜೊತೆಗೆ ಡ್ರೈವ್ ಇದ್ದರೆ ಓಕೆ. ಮನೆಯಲ್ಲಿ ಹೆಡ್‌ಫೋನ್ ಹಾಕಿ ತೀರ್ಮಾನ ಮಾಡಬೇಡಿ, ಡ್ರಮ್ಮರ್ ಜೊತೆ ಕೂತು ನೋಡಿ.

ಹಳೇ_ಮರ

ಹಾಡಿನ ನಡುವೆ ಬದಲಾಯಿಸೋರಿಗೆ ಇನ್ನೊಂದು ದಾರಿ ಇದೆ, ಇಲ್ಲಿ ಯಾರೂ ಹೇಳಲಿಲ್ಲ. ಲಿವರ್ ಇರೋ ಡಿ-ಟ್ಯೂನರ್. ಹಿಪ್‌ಶಾಟ್‌ನ ಎಕ್ಸ್‌ಟೆಂಡರ್ ಇದರಲ್ಲಿ ಹೆಸರುವಾಸಿ. ಇ ತಂತಿಯ ಕಿವಿ ತೆಗೆದು ಅದರ ಜಾಗಕ್ಕೆ ಇದನ್ನ ಹಾಕೋದು. ಲಿವರ್ ತಿರುಗಿಸಿದರೆ ತಂತಿ ಡಿಗೆ ಇಳಿಯತ್ತೆ, ವಾಪಸ್ ತಳ್ಳಿದರೆ ಇಗೆ. ಎಷ್ಟು ಇಳೀಬೇಕು ಅಂತ ಒಂದು ಸ್ಕ್ರೂನಲ್ಲಿ ಕೂರಿಸಿಕೊಳ್ಳಬಹುದು. ಬೇಸಿಸ್ಟ್ ಬಿಲ್ಲಿ ಶೀಹನ್ ಹೆಸರಲ್ಲಿ ಬರೋ ಯಮಾಹಾ ಆಟಿಟ್ಯೂಡ್ ಬೇಸ್‌ನಲ್ಲಿ ಇದು ಹಾಕಿಯೇ ಬರತ್ತೆ. ಮೈಕಲ್ ಮ್ಯಾನ್‌ರಿಂಗ್ ಒಂದು ಹೆಜ್ಜೆ ಮುಂದೆ ಹೋಗಿ, ಝಾನ್ (Zon) ಕಂಪನಿಯ ಹೈಪರ್‌ಬೇಸ್‌ನಲ್ಲಿ ತಲೆಯಲ್ಲೂ ಬ್ರಿಡ್ಜ್‌ನಲ್ಲೂ ಇಂಥ ಲಿವರ್ ಇಟ್ಕೊಂಡು ಒಂದೇ ಹಾಡಿನೊಳಗೆ ಟ್ಯೂನಿಂಗ್ ಬದಲಾಯಿಸ್ತಾ ನುಡಿಸ್ತಾರೆ. ಅದು ನಮ್ಮ-ನಿಮ್ಮ ದಾರಿ ಅಲ್ಲ, ಆದರೆ ಯಂತ್ರ ನಂಬಬಹುದು ಅನ್ನೋದಕ್ಕೆ ಸಾಕ್ಷಿ.

ಹಾಕಿದ ಮೇಲೆ ಡಿ ಸರಿಯಾಗಿ ಬಂದು ಇ ಪ್ರತಿ ಸಲ ಚೂರು ಫ್ಲಾಟ್ ಆಗ್ತಿದ್ರೆ ಲಿವರ್ ಬೈಬೇಡಿ. ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ತೋಡಿನಲ್ಲಿ ಕಚ್ಚಿಕೊಳ್ತಿದೆ ಅಂತ ಅರ್ಥ. ಪೆನ್ಸಿಲ್ ಮೊನೆಯ ಪುಡಿ ಆ ತೋಡಿಗೆ ಸವರಿ. ಹೊಸ ತಂತಿಯಾದ್ರೆ ಚೆನ್ನಾಗಿ ಎಳೆದು ಕೂರಿಸಿ, ಆಮೇಲೆ ಸ್ಕ್ರೂ ಮುಟ್ಟಿ.

ಗುಡುಗು_ಗುಂಡ

ನಾವು ಡ್ರಾಪ್ ಸಿಗೆ ಹೋಗೋ ಮಾತು ನಡೀತಿದೆ. ಅದೇ 105 ಸೆಟ್ ಸಾಕಾಗತ್ತಾ ಹಳೇ_ಮರ ಅಣ್ಣ?

ಹಳೇ_ಮರ

ಸಾಕಾಗಲ್ಲ ಗುಂಡ. ಡ್ರಾಪ್ ಸಿ ಅಂದ್ರೆ ಸಿ, ಜಿ, ಸಿ, ಎಫ್. ಮೇಲಿನ ಮೂರು ಒಂದೊಂದು ಟೋನ್ ಇಳೀತವೆ, ಕೆಳಗಿನದು ಎರಡು ಟೋನ್. 105 ತಂತಿಯಲ್ಲಿ ಸಿ, 32.7 ಹರ್ಟ್ಸ್, ಹಿಡಿದರೆ ಬಿಗಿ ಶೇ. 37 ಹೋಯ್ತು. ಬಟ್ಟೆ ಒಣಹಾಕೋ ಹಗ್ಗ ಅದು, ತಂತಿ ಅಲ್ಲ.

ಬಿ, ಇ, ಎ, ಡಿ ಅಂತ ಟ್ಯೂನ್ ಮಾಡೋರು ಐದು ತಂತಿಯ ಸೆಟ್ ತಗೊಂಡು ಸಣ್ಣ ತಂತಿ ಪಕ್ಕಕ್ಕಿಟ್ಟು, ದಪ್ಪ ನಾಲ್ಕನ್ನ ನಾಲ್ಕು ತಂತಿ ಬೇಸ್‌ಗೆ ಹಾಕ್ತಾರೆ. 130ರ ತಂತಿ ಸಿಯಲ್ಲಿ ಹೆಚ್ಚುಕಡಿಮೆ 105ರ ಇಯಷ್ಟೇ ಬಿಗಿ ಇರತ್ತೆ. ಉಳಿದ ಮೂರು ಮಾತ್ರ ಜಿ, ಸಿ, ಎಫ್‌ಗೆ ಏರಿಸಿದರೆ ಅತೀ ಗಟ್ಟಿ ಆಗ್ತವೆ, ಹಾಗಾಗಿ ಡ್ರಾಪ್ ಸಿಗೆ ಮೇಲಿನವು ಮಾಮೂಲಿ ದಪ್ಪ ಸೆಟ್‌ನವು, ಕೆಳಗಿನದು ಬಿಡಿ 130, ಹೀಗೆ ಜೋಡಿಸಿ. ಶಾರ್ಟ್ ಸ್ಕೇಲ್ 30 ಇಂಚು ಬೇಸ್ ಇದ್ದರೆ ಈ ಆಸೆ ಬಿಡಿ, ಅಲ್ಲಿ ಬಿಗಿ ಮೊದಲೇ ಶೇ. 22 ಕಡಿಮೆ.

ಬಿಲ್ಲು_ಬೇಸ್

ಡ್ರಾಪ್ ಬೇರೆ, ಇಡೀ ವಾದ್ಯ ಇಳಿಸೋದು ಬೇರೆ ಅನ್ನೋದು ಇಲ್ಲಿ ಹೇಳಲೇಬೇಕು. ಬ್ಲ್ಯಾಕ್ ಸಬ್ಬತ್‌ನವರು 1971ರ ಆಲ್ಬಮ್‌ನಲ್ಲಿ ಸಿ ಶಾರ್ಪ್‌ಗೆ ಇಳಿದಾಗ ಎಲ್ಲಾ ತಂತಿಗಳನ್ನೂ ಒಟ್ಟಿಗೆ ಇಳಿಸಿದ್ರು. ಕಾರ್ಖಾನೆಯಲ್ಲಿ ಬೆರಳ ತುದಿ ಕಳ್ಕೊಂಡಿದ್ದ ಗಿಟಾರಿಸ್ಟ್ ಟೋನಿ ಅಯೋಮಿಗೆ ಸಡಿಲ ತಂತಿ ಬೆಂಡ್ ಮಾಡೋದು ಸುಲಭ ಅನ್ನೋದೂ ಅದಕ್ಕೆ ಒಂದು ಕಾರಣ. ಬೇಸ್‌ನಲ್ಲಿ ಗೀಝರ್ ಬಟ್ಲರ್ ಕೂಡ ಜೊತೆಗಿಳಿದ್ರು. ಅಲ್ಲಿ ನಕ್ಷೆ ಬದಲಾಗಿಲ್ಲ, ಸಡಿಲ ಮಾತ್ರ. ಸಡಿಲವೇ ಆ ಸದ್ದಿನ ಭಾಗ ಆಯ್ತು. ಹಾಗಾಗಿ ‘ಸಡಿಲ ಅಂದ್ರೆ ಕೆಟ್ಟದ್ದು’ ಅಂತ ಹಳೇ_ಮರ ಅವರಷ್ಟು ಖಡಾಖಂಡಿತವಾಗಿ ನಾನು ಹೇಳಲಾರೆ. ಮೆಲ್ಲಗೆ ನುಡಿಸೋ ಬಲಗೈಗೆ ಸಡಿಲ ತಂತಿ ಒಂದು ಬಗೆಯ ಹಾಡೋ ಗುಣ ಕೊಡತ್ತೆ.

ಹಳೇ_ಮರ

ಮೆಲ್ಲಗೆ ನುಡಿಸೋ ಬಲಗೈ ಇದ್ದರೆ, ಒಪ್ಪಿದೆ. ಗುಂಡನ ಬಲಗೈ ನಾನು ನೋಡಿದ್ದೀನಿ.

ನಾಲ್ಕುತಂತಿ

ಎಲ್ಲರಿಗೂ ಥ್ಯಾಂಕ್ಸ್. ಸದ್ದಿಲ್ಲದವಳು ಅವರು ಹೇಳಿದ ಹಾಗೆ ಹಾಡು ಹಾಡಾಗಿ ಗುರುತು ಹಾಕಿದೆ. ಡ್ರಾಪ್ ಡಿ ಅಂತ ಪಟ್ಟಿಯಲ್ಲಿದ್ದ ಹಾಡುಗಳಲ್ಲಿ ಕೆಲವಕ್ಕೆ ಕೆಳಗಿನ ಡಿ ಬೇಕೇ ಇಲ್ಲ, ಅವನ್ನ ಸ್ಟಾಂಡರ್ಡ್‌ನಲ್ಲೇ ನುಡಿಸ್ತೀನಿ. ಉಳಿದವು ಓಪನ್ ಡಿ ಮೇಲೇ ನಿಂತಿವೆ, ಅವಕ್ಕೆ ಇಳಿಸ್ತೀನಿ. ಗಿಟಾರಿಸ್ಟ್‌ಗಳ ಹತ್ತಿರ ಮಾತಾಡಿ ಆ ಹಾಡುಗಳನ್ನ ಸೆಟ್‌ನ ಕೊನೆಯಲ್ಲಿ ಒಟ್ಟಿಗೆ ಇಟ್ಟಿದ್ದೀವಿ. ಒಂದೇ ಸಲ ಇಳಿಸಿದ್ರೆ ಆಯ್ತು, ಲಿವರ್ ಸದ್ಯಕ್ಕೆ ಬೇಡ. ಐದರವನು ಸರ್, ಐದು ತಂತಿ ಆಸೆ ಬಿಟ್ಟಿಲ್ಲ, ಮುಂದಕ್ಕೆ ಹಾಕಿದ್ದೀನಿ.

110 ತಂತಿ ತಂದೆ. ಒಂದು ಅನುಮಾನ: ನಟ್‌ನಲ್ಲಿ ತಂತಿ ಪೂರ್ತಿ ಕೆಳಗೆ ಕೂರ್ತಿದೆಯಾ ಇಲ್ವಾ ಅಂತ ಹೇಗೆ ನೋಡೋದು? ಫೈಲ್ ಹಿಡಿಯೋಕೆ ಭಯ.

ಹಳೇ_ಮರ

ಭಯ ಇದ್ದದ್ದು ಒಳ್ಳೇದೇ. ಜಾಸ್ತಿ ಉಜ್ಜಿದ ನಟ್ ವಾಪಸ್ ಬೆಳೆಯಲ್ಲ. ಮೊದಲು ತಂತಿ ಹಾಕಿ ಟ್ಯೂನ್ ಮಾಡಿ. ನಟ್ ಪಕ್ಕದಿಂದ ಬೆಳಕು ಬಿಟ್ಟು ನೋಡಿ, ತಂತಿಯ ಕೆಳಗೆ ತೋಡಿನಲ್ಲಿ ಬೆಳಕು ಕಂಡರೆ ಅದು ಗೋಡೆಗಳ ಮೇಲೆ ಕೂತಿದೆ, ತಳಕ್ಕೆ ಮುಟ್ಟಿಲ್ಲ. ಇನ್ನೊಂದು ಪರೀಕ್ಷೆ: 3ನೇ ಫ್ರೆಟ್ ಒತ್ತಿ ಹಿಡಿದು 1ನೇ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವೆ ಜಾಗ ನೋಡಿ. ಒಂದು ಕಾಗದ ತೂರಿಸೋಷ್ಟು ಇದ್ದರೆ ಸಾಕು. ಅದಕ್ಕಿಂತ ತುಂಬಾ ಎತ್ತರ ಇದ್ದು, 1ನೇ ಫ್ರೆಟ್‌ನಲ್ಲಿ ಸ್ವರ ಶಾರ್ಪ್ ಆಗ್ತಿದ್ರೆ ಮಾತ್ರ ಉಜ್ಜೋ ಮಾತು. 105ರಿಂದ 110ಕ್ಕೆ ಹೋದಾಗ ಎಷ್ಟೋ ಸಲ ಮುಟ್ಟೋದೇ ಬೇಡ. 115, 120 ಆದ್ರೆ ಉಜ್ಜಬೇಕಾಗತ್ತೆ, ಆಗ ಆ ಗೇಜ್‌ಗೆ ತಕ್ಕ ನಟ್ ಫೈಲ್ ಇರೋರ ಹತ್ತಿರ ಕೊಡಿ.

ಆಮೇಲೆ ಇಂಟೊನೇಷನ್, ಅಂದ್ರೆ ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿ ಬರೋದು. ಡಿಯಲ್ಲಿ ಇಟ್ಟು 12ನೇ ಫ್ರೆಟ್ ಒತ್ತಿದ ಸ್ವರ ಶಾರ್ಪ್ ಇದ್ದರೆ ಆ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರೋ ತುಂಡು) ಹಿಂದಕ್ಕೆ. ಇಯಲ್ಲೂ ಡಿಯಲ್ಲೂ ಎರಡೂ ಪರ್‌ಫೆಕ್ಟ್ ಆಗಲ್ಲ, ಹೆಚ್ಚು ನುಡಿಸೋದಕ್ಕೆ ಒಲಿಸಿ. ಬಜ್ ಉಳಿದ್ರೆ ಆ ಒಂದು ಸ್ಯಾಡಲ್ ಕಾಲು ಸುತ್ತು ಮೇಲೆ. ಟ್ರಸ್ ರಾಡ್ (ಕತ್ತಿನ ಬಾಗು ಸರಿಮಾಡೋ ಒಳಗಿನ ಸರಳು) ಕೊನೆಗೆ, ಅದೂ ಬೇಕಿದ್ದರೆ.

ಪೆಡಲ್_ಪ್ರಿಯ

ಕೇಸ್‌ನಲ್ಲಿ ಇಡುವಾಗ ಡಿಯಲ್ಲಿ ಬಿಡಬೇಕಾ, ಇಗೆ ಏರಿಸಿ ಇಡಬೇಕಾ?

ಹಳೇ_ಮರ

ಮಾರನೇ ದಿನ ಯಾವುದರಲ್ಲಿ ನುಡಿಸ್ತೀರೋ ಅದರಲ್ಲಿ.